ಅಪ್ಪ ಬಹರೈನ್‌ನಿಂದ ತಂದ ಕಡಲಿನ ಚಿತ್ರ: ಇದಕ್ಕೆ ಬೆಲೆ ಕಟ್ಟುವುದು ಹೇಗೆ?

ಕೋಡಿಕಡಲು
ಎಲ್ಲರಿಗೂ ನಮಸ್ಕಾರ. ಕುಂದಾಪುರದ ನಮ್ಮ ಹಳೇ ಮನೆ ಮಾರಾಟಕ್ಕಿದೆ. ಅಣ್ಣ, ನಾನು, ತಂಗಿ ಸೇರಿ ಸಾಮಾನು ಹಂಚಿಕೊಳ್ಳುತ್ತಿದ್ದೇವೆ. ಪಾತ್ರೆ, ಕಪಾಟು, ಅಮ್ಮನ ಹೊಲಿಗೆ ಮಿಶನ್ನು ಯಾವುದಕ್ಕೂ ಮಾತು ಬರಲಿಲ್ಲ. ಚಾವಡಿಯ ಗೋಡೆಯಲ್ಲಿದ್ದ ಕಡಲಿನ ಚಿತ್ರಕ್ಕೆ ಮಾತ್ರ ಮೂವರೂ ಕೈ ಚಾಚಿದೆವು. ಇಟ್ಟುಕೊಂಡವರು ಉಳಿದಿಬ್ಬರಿಗೆ ದುಡ್ಡು ಕೊಡಬೇಕು ಎಂದು ಮಾತಾಯಿತು. ಆದರೆ ಎಷ್ಟು?

ಅಪ್ಪ ಎಪ್ಪತ್ತರ ದಶಕದ ಕೊನೆಯಲ್ಲಿ ಬಹರೈನ್‌ನಲ್ಲಿ ಕೆಲಸಕ್ಕಿದ್ದರು. ಒಂದು ರಜೆಗೆ ಬರುವಾಗ ತಂದದ್ದು. ನಾಲ್ಕಡಿ ಅಗಲ, ಎರಡಡಿ ಎತ್ತರ. ಕ್ಯಾನ್ವಾಸ್ ಬಟ್ಟೆ ಮೇಲೆ ಬರೆದದ್ದು. ನಡುವೆ ಒಂದು ದೊಡ್ಡ ಅಲೆ ಏಳುತ್ತಿದೆ, ಅದರ ತುದಿ ಹಸಿರು ಗಾಜಿನ ಬಣ್ಣ. ಬಲಗಡೆ ಕಪ್ಪು ಬಂಡೆ, ಅದರ ಮೇಲೆ ನೊರೆ. ಹಿಂದೆ ಮೋಡದ ಮರೆಯಲ್ಲಿ ತಗ್ಗಿನ ಸೂರ್ಯ. ಮೇಲೆ ಮೂರು ಕಡಲಹಕ್ಕಿ. ಕೆಳಗೆ ಎಡಮೂಲೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಹಿ, ಯುರೋಪಿನ ಹೆಸರಿನ ಹಾಗೆ ಕಾಣುತ್ತದೆ.

ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ಬಂದು, ಇದು ಆಂಟಿಕ್, ಒಂದು ಲಕ್ಷಕ್ಕೆ ಕಡಿಮೆ ಇಲ್ಲ ಎಂದರು. ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ, ಎಂಟು ಸಾವಿರ ಮುಂಗಡ ಕೊಡಿ ಎನ್ನುತ್ತಿದ್ದಾರೆ. ನಮ್ಮ ಭಾವ, ಅದು ಬರೀ ಪ್ರಿಂಟು, ಐನೂರು ರೂಪಾಯಿ ಎನ್ನುತ್ತಾರೆ. ನಿಜ ಎಲ್ಲಿದೆ? ದಯವಿಟ್ಟು ತಿಳಿದವರು ಹೇಳಿ.

ಕಟ್ಟಿನಂಗಡಿ
ಅಕ್ಕ, ಮೊದಲು ಒಂದು ಮಾತು. ಆ ಎಂಟು ಸಾವಿರ ಕೊಡಬೇಡಿ. ಬೆಲೆ ಹೇಳುವವರೇ ಅದರ ಸರ್ಟಿಫಿಕೇಟಿಗೂ ದುಡ್ಡು ಕೇಳಿದರೆ ಅಲ್ಲೇ ನಿಲ್ಲಿಸಿ. ಬೆಲೆ ದೊಡ್ಡದಾದಷ್ಟು ಅವರ ಫೀಸೂ ದೊಡ್ಡದಾಗುತ್ತದೆ, ಅಲ್ವಾ?

ನಾನು ಉಡುಪಿಯಲ್ಲಿ ಫೋಟೋ, ಪೇಂಟಿಂಗಿಗೆ ಕಟ್ಟು ಹಾಕುವ ಕೆಲಸ ಮಾಡುವವನು. ಗಲ್ಫಿನಿಂದ ಬಂದ ಚಿತ್ರ ತುಂಬ ನೋಡಿದ್ದೇನೆ. ಎದುರಿನಿಂದ ತೆಗೆದ ಫೋಟೋ ನೋಡಿ ಯಾರೂ ಖಚಿತವಾಗಿ ಹೇಳಲಿಕ್ಕಾಗುವುದಿಲ್ಲ. ಚಿತ್ರ ಇಳಿಸಿ, ಮೆತ್ತನೆ ಹಾಸಿಗೆ ಮೇಲೆ ಮುಖ ಕೆಳಗೆ ಮಾಡಿ ಇಡಿ. ಹಿಂಬದಿ ನೋಡಿ. ಒಳಗಿನ ಮರ ಯಾವುದು, ಬಟ್ಟೆಯನ್ನು ಮೊಳೆ ಹೊಡೆದು ಎಳೆದಿದ್ದಾರಾ ಸ್ಟೇಪಲ್ ಪಿನ್ನು ಹೊಡೆದಿದ್ದಾರಾ, ಮೂಲೆಗಳಲ್ಲಿ ಸಣ್ಣ ಬೆಣೆ ಇದೆಯಾ, ಚೀಟಿ, ಸೀಲು, ಪೆನ್ಸಿಲ್ ಬರಹ ಏನಾದರೂ ಇದೆಯಾ. ಬಟ್ಟೆ ಮಡಚಿದ ಅಂಚನ್ನು ಮರೆಯದೆ ನೋಡಿ. ಅಂಚು ತುಂಬ ಮಾತಾಡುತ್ತದೆ.

ಮುಂದೆ ಏನೂ ಉಜ್ಜಬೇಡಿ. ಸ್ಪಿರಿಟ್ ಹಚ್ಚಿ ನೋಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಗಂಗೊಳ್ಳಿದೋಣಿ
ಬೆಲೆ ವಿಷಯ ನನಗೆ ಗೊತ್ತಿಲ್ಲ. ಕಡಲಿನ ವಿಷಯ ಹೇಳಬಲ್ಲೆ. ನೀವು ಹಾಕಿದ ಫೋಟೋ ದೊಡ್ಡದು ಮಾಡಿ ನೋಡಿದೆ.

ಅಲೆಯ ತುದಿಯ ಹನಿ ಹಿಂದಕ್ಕೆ, ಅಂದರೆ ಕಡಲಿನ ಕಡೆಗೆ ಹಾರುತ್ತಿದೆ. ಹಾಗಾಗಬೇಕಾದರೆ ಗಾಳಿ ನೆಲದಿಂದ ಕಡಲಿಗೆ ಬೀಸಬೇಕು. ನಮ್ಮಲ್ಲಿ ಅದು ಮೂಡುಗಾಳಿ. ರಾತ್ರಿ ಶುರುವಾಗಿ ಬೆಳಿಗ್ಗೆಯವರೆಗೆ ಇರುತ್ತದೆ. ಮಧ್ಯಾಹ್ನದ ಮೇಲೆ ಪಡುಗಾಳಿ. ಆದರೆ ಚಿತ್ರದಲ್ಲಿ ಸೂರ್ಯ ಕಡಲಿನ ಮೇಲೆ ತಗ್ಗಿನಲ್ಲಿದ್ದಾನೆ. ನಮ್ಮ ಕರಾವಳಿಯಲ್ಲಿ ಸೂರ್ಯ ಹಾಗೆ ಕಂಡರೆ ಅದು ಸಂಜೆ. ಆಗ ಗಾಳಿ ನಮ್ಮ ಮುಖಕ್ಕೆ ಬರುತ್ತದೆ, ಹನಿಯೂ ದಡಕ್ಕೆ ಹಾರುತ್ತದೆ. ಹಾಗಾಗಿ ಇದು ನಮ್ಮ ಕಡಲಲ್ಲ. ಮೂಡುಗಡೆ ಕಡಲಿರುವ ಊರಿನಲ್ಲಿ ಬೆಳಗಿನ ಹೊತ್ತು ಹೀಗೆ ಕಾಣಬಹುದು. ಅಥವಾ ಬರೆದವರು ಕಡಲ ಎದುರು ಕೂತು ಬರೆಯಲಿಲ್ಲ.

ಇನ್ನೊಂದು. ದೋಣಿ ಇಲ್ಲ, ಬಲೆ ಇಲ್ಲ, ಒಬ್ಬ ಮನುಷ್ಯನೂ ಇಲ್ಲ. ಯಾವ ಊರಿನದ್ದೂ ಅಲ್ಲದ ಕಡಲು.

ಬಣ್ಣದಡಬ್ಬಿ
@ಗಂಗೊಳ್ಳಿದೋಣಿ ಅಣ್ಣ, ಇಂಥ ಕಣ್ಣು ಆರ್ಟ್ ಸ್ಕೂಲಿನಲ್ಲಿ ಕಲಿಸಲಿಕ್ಕಾಗುವುದಿಲ್ಲ. ನಾನು ಬೆಂಗಳೂರಿನಲ್ಲಿ ಚಿತ್ರ ಬರೆಯುವವಳು. ಗಾಳಿಯ ಲೆಕ್ಕ ನನಗೆ ಹೊಳೆದೇ ಇರಲಿಲ್ಲ.

ಒಂದು ಸೇರಿಸುತ್ತೇನೆ. ಸ್ಟುಡಿಯೋದಲ್ಲಿ ನೆನಪಿನಿಂದ ಬರೆದದ್ದು ಎಂದ ಮಾತ್ರಕ್ಕೆ ಚಿತ್ರ ಕೀಳಲ್ಲ. ರಷ್ಯಾದ ಐವಜೋವ್‌ಸ್ಕಿ ಕಡಲನ್ನು ಹೆಚ್ಚಾಗಿ ನೆನಪಿನಿಂದಲೇ ಬರೆಯುತ್ತಿದ್ದರು. ಕಪ್ಪು ಸಮುದ್ರದ ದಡದ ಫಿಯೊಡೋಸಿಯಾದಲ್ಲಿ 1817ರಲ್ಲಿ ಹುಟ್ಟಿದವರು. ಅವರ ‘ಒಂಬತ್ತನೇ ಅಲೆ’ 1850ರದ್ದು. ಬೆಳಕು ಅಲೆಯ ತೆಳು ತುದಿಯನ್ನು ದಾಟಿ ಬರುವಾಗ ನೀರು ಹಸಿರಾಗಿ ಹೊಳೆಯುತ್ತದಲ್ಲ, ಅದನ್ನು ಅವರಷ್ಟು ಚೆನ್ನಾಗಿ ಬರೆದವರು ಕಡಿಮೆ. ನಿಮ್ಮ ಮನೆಯ ಚಿತ್ರದ ಆ ಹಸಿರು ತುದಿಗೂ ಮೂಲ ಅಂಥ ಕೆಲಸಗಳೇ. ಆಮೇಲೆ ಅದು ಜಗತ್ತಿನ ಮೂಲೆಮೂಲೆಯಲ್ಲಿ ಕಡಲು ಬರೆಯುವವರ ಪಾಠವಾಯಿತು.

ಅಕ್ಕ, ಪ್ರಿಂಟಾ ಅಲ್ವಾ ಎಂದು ನೀವೇ ನೋಡಬಹುದು. ಸಂಜೆ ದೀಪ ಆರಿಸಿ, ಟಾರ್ಚನ್ನು ಚಿತ್ರದ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೊರೆಯ ಬಿಳಿ ಎತ್ತರವಾಗಿ ನಿಂತು ನೆರಳು ಬೀಳುತ್ತದಾ? ಆಮೇಲೆ ಭೂತಗನ್ನಡಿಯಲ್ಲಿ ಆಕಾಶದ ಭಾಗ ನೋಡಿ. ಪ್ರಿಂಟಾದರೆ ಸಣ್ಣ ಸಣ್ಣ ಚುಕ್ಕೆ ಕಾಣುತ್ತದೆ. ಈಗಿನ ಕೆಲವು ಪ್ರಿಂಟುಗಳ ಮೇಲೆ ಪಾರದರ್ಶಕ ಜೆಲ್ ಬಳಿದು ಕುಂಚದ ಗೆರೆ ಬರಿಸುತ್ತಾರೆ. ಆದರೆ ಆ ಗೆರೆ ಚಿತ್ರದ ಜೊತೆ ಹೋಗುವುದಿಲ್ಲ. ಅಲೆ ಒಂದು ಕಡೆ ತಿರುಗಿದರೆ ಗೆರೆ ಇನ್ನೊಂದು ಕಡೆ ಇರುತ್ತದೆ.

ಕೋಡಿಕಡಲು
ಎಲ್ಲ ನೋಡಿದೆ. ತಂಗಿ ಫೋನಿನಲ್ಲಿ ಫೋಟೋ ತೆಗೆದಳು. ಕೆಳಗೆ ಹಾಕಿದ್ದೇನೆ.

ಚುಕ್ಕೆ ಇಲ್ಲ. ನೊರೆ ದಪ್ಪಗೆ ನಿಂತಿದೆ, ಚಾಕುವಿನಲ್ಲಿ ಬೆಣ್ಣೆ ಸವರಿದ ಹಾಗೆ. ಹಿಂದಿನ ಮರ ನಮ್ಮ ಊರಿನದ್ದೇ ಎಂದು ಅಣ್ಣ ಹೇಳುತ್ತಾನೆ, ಹಲಸು ಇರಬೇಕು. ಬೆಣೆ ಇಲ್ಲ. ತುಕ್ಕು ಹಿಡಿದ ಮೊಳೆಗಳು. ಬಟ್ಟೆಯ ಅಂಚಿನಲ್ಲಿ ಬಣ್ಣ ಇಲ್ಲ, ಬಿಳಿ ಬಿಟ್ಟಿದ್ದಾರೆ. ಆ ಬಿಳಿ ಅಂಚಿನಲ್ಲಿ ನಾಲ್ಕು ಮೂಲೆಗಳ ಹತ್ತಿರ ಬೇರೆ ಹಳೇ ತೂತು ಇವೆ, ಮೊಳೆ ಇಲ್ಲದ ತೂತು. ಹಿಂದೆ ಪೆನ್ಸಿಲಿನಲ್ಲಿ 24×48 ಎಂದು ಬರೆದು ಕೆಳಗೆ ಮೂರಂಕಿಯ ಒಂದು ನಂಬರು. ಚೀಟಿ ಏನೂ ಇಲ್ಲ. ಮುಂದೆ ಮೇಲಿಂದ ಕೆಳಕ್ಕೆ ನೇರವಾಗಿ, ಒಂದರ ಪಕ್ಕ ಒಂದು ಸಣ್ಣ ಬಿರುಕು ಕಾಣುತ್ತದೆ, ಆಕಾಶದ ಭಾಗದಲ್ಲಿ ಜಾಸ್ತಿ.

ಕಟ್ಟಿನಂಗಡಿ
ಇದು ಸುತ್ತಿ ತಂದ ಚಿತ್ರ. ಆ ನೇರ ಬಿರುಕು ಅದರಿಂದ ಬಂದದ್ದು. ಉದ್ದಕ್ಕೆ ಕೊಳವೆಯ ಹಾಗೆ ಸುತ್ತಿದಾಗ ಬಣ್ಣ ಆ ಉದ್ದಕ್ಕೆ ಅಡ್ಡವಾಗಿ, ಅಂದರೆ ಮೇಲಿಂದ ಕೆಳಕ್ಕೆ ಮುರಿಯುತ್ತದೆ. ಸುತ್ತುವಾಗ ಬಣ್ಣದ ಮುಖ ಒಳಗೆ ಹೋಗಿದ್ದರೆ ಇನ್ನೂ ಜಾಸ್ತಿ. ಮುಖ ಹೊರಗಿರಬೇಕು, ಅದು ಗೊತ್ತಿದ್ದವರು ಕಡಿಮೆ. ನಿಮ್ಮ ಅಪ್ಪ ಊರಿಗೆ ಬಂದ ಮೇಲೆ ಇಲ್ಲಿನ ಯಾರೋ ಆಚಾರಿ ಹಲಸಿನ ಚೌಕಟ್ಟು ಮಾಡಿ ಎಳೆದು ಮೊಳೆ ಹೊಡೆದಿದ್ದಾರೆ. ಒಳ್ಳೇ ಕೆಲಸ. ಇಷ್ಟು ವರ್ಷ ಜೋಲು ಬಿದ್ದಿಲ್ಲ.

ಮೂಲೆಯ ಆ ಖಾಲಿ ತೂತುಗಳ ಬಗ್ಗೆ @ಹರಾಜುಕಟ್ಟೆ ಹೇಳಲಿ. ಅವರು ನನಗಿಂತ ಜಾಸ್ತಿ ನೋಡಿದವರು.

ಹರಾಜುಕಟ್ಟೆ
ನಾನು ಮುಂಬೈಯಲ್ಲಿ ಹರಾಜಿಗೆ ಬರುವ ಚಿತ್ರಗಳ ಪಟ್ಟಿ ಮಾಡುವ ಕೆಲಸ ಮಾಡುತ್ತಿದ್ದೆ. ಊರು ಕುಮಟಾ. ಈ ಫೋಟೋಗಳು ನೋಡಿ ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಸಾಮಾನ್ಯವಾಗಿ ಕಲಾವಿದ ಮೊದಲು ಬಟ್ಟೆಯನ್ನು ಚೌಕಟ್ಟಿಗೆ ಎಳೆದು ಬಿಗಿದು ಆಮೇಲೆ ಬರೆಯುತ್ತಾನೆ. ಆಗ ಅಂಚಿನ ಉದ್ದಕ್ಕೂ ಮೊಳೆಯ ತೂತು ಇರುತ್ತದೆ. ನಿಮ್ಮದರಲ್ಲಿ ಹಳೇ ತೂತು ಮೂಲೆಗಳಲ್ಲಿ ಮಾತ್ರ ಇದೆ, ಸುತ್ತ ಬಿಳಿ ಅಂಚು ಇದೆ. ಅಂದರೆ ಬಿಡಿ ಬಟ್ಟೆಯನ್ನು ಹಲಗೆಗೋ ಗೋಡೆಗೋ ಪಿನ್ನು ಚುಚ್ಚಿ ಬರೆದಿದ್ದಾರೆ. ಬರೆದ ಮೇಲೆ ತೆಗೆದು ಸುತ್ತಿ ಕಳಿಸಿದ್ದಾರೆ. ಮಾರಾಟಕ್ಕೆ ದೂರ ಕಳಿಸಬೇಕು ಎಂದೇ ಬರೆಯುವ ಕಡೆ ಹೀಗೆ ಮಾಡುತ್ತಾರೆ. ಹಿಂದಿನ ಮೂರಂಕಿ ನಂಬರು ನಮೂನೆಯ ನಂಬರು ಇರುವ ಸಾಧ್ಯತೆ ಹೆಚ್ಚು. ಅಂಗಡಿಯವರು ಪಟ್ಟಿ ನೋಡಿ, ಈ ನಂಬರಿನದ್ದು ಇಷ್ಟು ಕೊಡಿ, ಈ ಅಳತೆಯಲ್ಲಿ ಕೊಡಿ ಎಂದು ತರಿಸುತ್ತಿದ್ದರು. 24×48 ಇಂಚು ಸೋಫಾದ ಮೇಲಿನ ಗೋಡೆಗೆ ಸರಿಹೋಗುವ ಅಳತೆ.

ಎಪ್ಪತ್ತರ ದಶಕದಲ್ಲಿ ಇಂಥ ಕೆಲಸಕ್ಕೆ ದೊಡ್ಡ ಕೇಂದ್ರ ಹಾಂಗ್‌ಕಾಂಗ್. ಅಲ್ಲಿಂದ ಅಮೆರಿಕ, ಯುರೋಪಿನ ಅಂಗಡಿಗಳಿಗೆಲ್ಲ ಹೋಗುತ್ತಿತ್ತು. 1989ರಲ್ಲಿ ಹುವಾಂಗ್ ಜಿಯಾಂಗ್ ಎಂಬ ಹಾಂಗ್‌ಕಾಂಗ್ ವ್ಯಾಪಾರಿ ತನ್ನ ಚಿತ್ರಗಾರರ ಜೊತೆ ಗಡಿಯಾಚೆಯ ಶೆನ್‌ಜೆನ್‌ನ ಡಾಫೆನ್ ಎಂಬ ಹಳ್ಳಿಗೆ ಹೋದ. ಬಾಡಿಗೆ, ಕೂಲಿ ಎರಡೂ ಅಲ್ಲಿ ಕಡಿಮೆ. ಆ ಹಳ್ಳಿ ಆಮೇಲೆ ಇಡೀ ಜಗತ್ತಿಗೆ ಗೋಡೆಗೆ ಹಾಕುವ ಚಿತ್ರ ಕೊಡುವ ಜಾಗವಾಯಿತು. ನಿಮ್ಮದು ಅದಕ್ಕಿಂತ ಹಿಂದಿನದ್ದು. ದೊಡ್ಡ ಆರ್ಡರ್ ಇದ್ದರೆ ಕೆಲಸ ಹಂಚಿಕೊಳ್ಳುತ್ತಾರೆ. ಒಬ್ಬರು ಸಾಲಾಗಿ ಆಕಾಶ ಬರೆದುಕೊಂಡು ಹೋಗುತ್ತಾರೆ, ಇನ್ನೊಬ್ಬರು ಅಲೆ, ಮತ್ತೊಬ್ಬರು ಬಂಡೆ. ಪಶ್ಚಿಮದ ಗಿರಾಕಿಗೆ ಹಿಡಿಸುವ ಹೆಸರನ್ನು ಸಹಿಯಾಗಿ ಹಾಕುವುದು ರೂಢಿ. ಆ ಹೆಸರಿನ ಮನುಷ್ಯ ಎಲ್ಲಿಯೂ ಸಿಗುವುದಿಲ್ಲ. ಅದಕ್ಕೇ ಸಹಿಯಿಂದ ಹುಡುಕಾಟ ಶುರು ಮಾಡಬೇಡಿ ಎಂದು ನಾನು ಯಾವಾಗಲೂ ಹೇಳುವುದು. ಹಿಂಬದಿಯಿಂದ ಶುರು ಮಾಡಿ, ಸಹಿ ಕೊನೆಗೆ ಬರಲಿ.

ಆಂಟಿಕ್ ವಿಷಯ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಚಿತ್ರ, ಶಿಲ್ಪ ಪುರಾತನ ವಸ್ತು ಎನಿಸಬೇಕಾದರೆ ಕನಿಷ್ಠ ನೂರು ವರ್ಷ ಆಗಿರಬೇಕು. ಇದಕ್ಕೆ ಐವತ್ತರ ಆಸುಪಾಸು. ವ್ಯಾಪಾರಿ ಹೇಳಿದ್ದು ಸುಳ್ಳು. ಭಾವ ಹೇಳಿದ್ದೂ ತಪ್ಪು. ಇದು ಪ್ರಿಂಟಲ್ಲ, ಕೈಯಲ್ಲೇ ಬರೆದದ್ದು. ಆದರೆ ಕೈಯಲ್ಲಿ ಬರೆದದ್ದು ಎಂದರೆ ಒಂದೇ ಒಂದು ಇರುತ್ತದೆ ಎಂದಲ್ಲ. ಇದೇ ಅಲೆ, ಇದೇ ಬಂಡೆ ಇನ್ನೂ ಎಷ್ಟೋ ಗೋಡೆಗಳಲ್ಲಿ ಇರಬಹುದು.

ಬಿಜೈಮನೆ
ಇದನ್ನು ಓದಿ ಮೈ ಜುಂ ಎಂದಿತು. ಮಂಗಳೂರಿನಲ್ಲಿ ನಮ್ಮ ದೊಡ್ಡಮ್ಮನ ಮನೆಯಲ್ಲಿ ಇದೇ ಚಿತ್ರ ಇದೆ! ಈಗಷ್ಟೇ ಫೋಟೋ ತರಿಸಿಕೊಂಡೆ, ನೋಡಿ. ಬಂಡೆ ಅದೇ, ಅಲೆ ಅದೇ, ಸೂರ್ಯನ ಜಾಗ ಅದೇ. ಹಕ್ಕಿ ಮಾತ್ರ ಐದು. ನೊರೆ ಬೇರೆ ಥರ ಬಿದ್ದಿದೆ. ಸಹಿಯಲ್ಲಿ ಪೂರ್ತಿ ಬೇರೆ ಹೆಸರು. ದೊಡ್ಡಪ್ಪ ಕುವೈತ್‌ನಲ್ಲಿದ್ದರು.

ಕೋಡಿಕಡಲು
ಅಯ್ಯೋ ದೇವರೇ. ಎರಡೂ ಪಕ್ಕಪಕ್ಕ ಇಟ್ಟು ನೋಡಿದೆವು. ತಂಗಿ ಮಾತೇ ಆಡುತ್ತಿಲ್ಲ.

ಹರಾಜುಕಟ್ಟೆ
@ಬಿಜೈಮನೆ ತುಂಬ ಉಪಕಾರ ಮಾಡಿದಿರಿ. ಬೆಲೆ ಕಟ್ಟುವ ಕೆಲಸದಲ್ಲಿ ಇಂಥ ಜೋಡಿ ಸಿಗುವುದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ನಮೂನೆ ಒಂದು, ಹೆಸರು ಎರಡು. ಸಹಿ ಯಾರದ್ದು ಎಂಬ ಪ್ರಶ್ನೆ ಇಲ್ಲಿಗೆ ಮುಗಿಯಿತು.

ತೆಂಕುಪೇಟೆ
ಹಾಗಾದರೆ ಇದು ನಕಲಿ ಮಾಲು. ಇದಕ್ಕೆ ಇಷ್ಟೆಲ್ಲ ಚರ್ಚೆ ಬೇಕಾ?

ಬಣ್ಣದಡಬ್ಬಿ
@ತೆಂಕುಪೇಟೆ ನಕಲಿ ಎಂದರೆ ಒಬ್ಬರ ಹೆಸರಿನಲ್ಲಿ ಮೋಸ ಮಾಡುವುದು. ಐವಜೋವ್‌ಸ್ಕಿ ಎಂದು ಸಹಿ ಹಾಕಿ ಮಾರಿದರೆ ಅದು ನಕಲಿ. ಇಲ್ಲಿ ಹಾಗಿಲ್ಲ. ಗೋಡೆಗೆ ಚೆಂದ ಕಾಣಲಿ ಎಂದು ಬರೆದರು, ಹಾಗೆಂದೇ ಮಾರಿದರು, ಹಾಗೆಂದೇ ಒಬ್ಬ ತಂದೆ ಮನೆಗೆ ತಂದರು. ಯಾರಿಗೂ ಮೋಸ ಆಗಿಲ್ಲ.

ಮತ್ತೆ ಕೆಲಸ ನೋಡಿ ಮಾತಾಡೋಣ. ಅಲೆಯ ತುದಿ ಹೊಳೆಯುವುದು ಅಷ್ಟು ಸುಲಭ ಅಲ್ಲ. ಕೆಳಗೆ ತಿಳಿ ಹಳದಿ ಮಿಶ್ರದ ಬೆಳಕು ಹಾಕಿ, ಅದರ ಮೇಲೆ ತೆಳ್ಳಗೆ ನೀಲಿಹಸಿರು ಎಳೆಯಬೇಕು. ಸ್ವಲ್ಪ ದಪ್ಪವಾದರೆ ನೀರು ಹೋಗಿ ಪ್ಲಾಸ್ಟಿಕ್ ಆಗುತ್ತದೆ. ಹಸಿ ಬಣ್ಣದ ಮೇಲೆ ಹಸಿ ಬಣ್ಣ ಎಳೆದರೆ ಕೆಸರಾಗುವ ಭಯ ಬೇರೆ. ಅಮೆರಿಕದ ಬಾಬ್ ರಾಸ್ 1983ರಿಂದ 1994ರವರೆಗೆ ಟಿವಿಯಲ್ಲಿ ಕಲಿಸಿದ್ದು ಈ ಹಸಿ ಮೇಲೆ ಹಸಿ ಕ್ರಮವನ್ನೇ. ನೋಡಿ ಕಲಿತವರಿಗೆ ಗೊತ್ತು, ಕೈ ಪಳಗಲು ಎಷ್ಟು ಕಾಲ ಬೇಕು ಎಂದು. ಕೋಡಿ ಅಕ್ಕನ ಚಿತ್ರದಲ್ಲಿ ಅಲೆ ಬರೆದ ಕೈ ಒಳ್ಳೇ ಕೈ. ಬಂಡೆ ಬರೆದ ಕೈ ಅವಸರದ್ದು, ಎರಡೇ ಬಣ್ಣದಲ್ಲಿ ಮುಗಿಸಿದ್ದಾರೆ. ಹೆಸರು ಸಿಗದ ಒಬ್ಬ ಕೆಲಸಗಾರ ಇಷ್ಟು ಚೆನ್ನಾಗಿ ನೀರು ಬರೆದ ಎಂಬುದನ್ನು ನಾವು ಹೇಳಲೇಬೇಕು.

ತೆಂಕುಪೇಟೆ
ಸರಿ, ನಕಲಿ ಎನ್ನುವ ಮಾತು ಬಿಟ್ಟೆ. ಆದರೂ ಒಂದು ಪ್ರಶ್ನೆ. ರವಿವರ್ಮರ ಪ್ರೆಸ್ಸಿನ ದೇವರ ಪಟಗಳೂ ಗೋಡೆಗೆಂದೇ ಸಾವಿರಗಟ್ಟಲೆ ಅಚ್ಚಾದದ್ದಲ್ಲವಾ? ನಮ್ಮ ಅಜ್ಜನ ಮನೆಯ ಲಕ್ಷ್ಮಿ, ಸರಸ್ವತಿ ಪಟಕ್ಕೆ ಈಗ ಜನ ಹುಡುಕಿಕೊಂಡು ಬರುತ್ತಾರೆ. ಹಾಗೆ ಇದಕ್ಕೂ ಮುಂದೆ ಬೆಲೆ ಬರಬಹುದಲ್ಲ?

ಹರಾಜುಕಟ್ಟೆ
ಒಳ್ಳೇ ಪ್ರಶ್ನೆ. ರವಿವರ್ಮರ ಪ್ರೆಸ್ಸು 1894ರಲ್ಲಿ ಮುಂಬೈಯಲ್ಲಿ ಶುರುವಾಯಿತು. ಆ ಪಟಗಳ ಅಂಚಿನಲ್ಲಿ ಪ್ರೆಸ್ಸಿನ ಹೆಸರು ಇರುತ್ತದೆ. ಮೂಲ ಚಿತ್ರ ಯಾರದ್ದು ಎಂದು ಗೊತ್ತು. ಅವು ಮನೆಮನೆಯ ದೇವರ ರೂಪವನ್ನೇ ಬದಲಿಸಿದವು. ಅದರ ಚರಿತ್ರೆ ಬರೆಯುವವರಿದ್ದಾರೆ, ಸಂಗ್ರಹಿಸುವವರಿದ್ದಾರೆ. ಹಾಗಾಗಿ ಬೆಲೆ ಬಂತು. ಬರೀ ಹಳತಾದದ್ದಕ್ಕೆ ಬಂದದ್ದಲ್ಲ.

ಗಲ್ಫ್ ಕಾಲದ ಈ ಚಿತ್ರಗಳ ಬಗ್ಗೆ ಅಂಥ ಸಂಗ್ರಹ ನಾನು ಕಂಡಿಲ್ಲ. ಮುಂದೊಂದು ದಿನ ಯಾರಾದರೂ ಕರಾವಳಿಯ ಗಲ್ಫ್ ಮನೆಗಳ ಸಾಮಾನು ಸೇರಿಸಿ ಇಟ್ಟರೆ ನನಗೆ ತುಂಬ ಸಂತೋಷ. ಆದರೆ ಇವತ್ತು ಪಾಲು ಮಾಡುವಾಗ ಆ ಆಸೆಯನ್ನು ಬೆಲೆಗೆ ಸೇರಿಸಬಾರದು.

ಶಿರ್ವಶೆಟ್ಟಿಗಾರ
ಉಡುಪಿ ಕಡೆಯ ಹೆಬ್ಬಾರರು ಬರೆದದ್ದು ಇರಬಹುದಾ ಎಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಕೇಳುತ್ತಿದ್ದರು.

ಬಣ್ಣದಡಬ್ಬಿ
ಖಂಡಿತ ಅಲ್ಲ. ಕೆ. ಕೆ. ಹೆಬ್ಬಾರರು ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು. ಗೆರೆಯೇ ಅವರ ಜೀವ. ಜನ, ಕುಣಿತ, ಕೆಲಸ ಅವರ ಚಿತ್ರಗಳಲ್ಲಿ ತುಂಬಿರುತ್ತದೆ. ಒಮ್ಮೆ ಅವರ ಮೂಲ ಚಿತ್ರ ನೋಡಿದವರು ಇದನ್ನು ಅವರದ್ದು ಎನ್ನುವುದಿಲ್ಲ. ದೊಡ್ಡ ಕಲಾವಿದರ ಮೂಲ ಕೆಲಸ ನೋಡಿ ಕಣ್ಣು ತಯಾರು ಮಾಡಿಕೊಳ್ಳಬೇಕೆಂದರೆ ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ಗೆ ಹೋಗಿ. ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ 2009ರಿಂದ ಅಲ್ಲಿದೆ.

ಕೋಡಿಕಡಲು
ಈಗ ಅರ್ಥವಾಯಿತು. ಆದರೆ ಮಾರಾಯ್ರೆ, ನಾನು ಕೇಳಿದ ಮೊದಲ ಪ್ರಶ್ನೆ ಹಾಗೇ ಇದೆ. ಎಷ್ಟು? ಇಂಟರ್ನೆಟ್ಟಿನಲ್ಲಿ ಇಂಥದ್ದೇ ಒಂದು ಚಿತ್ರಕ್ಕೆ ನಲವತ್ತು ಸಾವಿರ ಹಾಕಿದ್ದಾರೆ. ಅದನ್ನು ಅಣ್ಣ ತೋರಿಸುತ್ತಿದ್ದಾನೆ.

ಹರಾಜುಕಟ್ಟೆ
ಅದು ಕೇಳುವ ಬೆಲೆ. ಯಾರು ಎಷ್ಟು ಬೇಕಾದರೂ ಕೇಳಬಹುದು. ನೋಡಬೇಕಾದದ್ದು ಮಾರಿಹೋದ ಬೆಲೆ. ಹಲವು ಆನ್‌ಲೈನ್ ಮಾರಾಟದ ತಾಣಗಳಲ್ಲಿ, ಹರಾಜು ಮನೆಗಳ ಫಲಿತಾಂಶದ ಪುಟಗಳಲ್ಲಿ ಮಾರಿಹೋದದ್ದನ್ನು ಮಾತ್ರ ಬೇರೆಯಾಗಿ ನೋಡಬಹುದು. ಅದೇ ಅಳತೆ, ಅದೇ ಕಾಲ, ಅದೇ ಬಗೆಯ ಚಿತ್ರ, ಅದೇ ಸ್ಥಿತಿ. ನಾಲ್ಕೂ ಹೊಂದಬೇಕು.

ಬೆಲೆಯೂ ಯಾವ ಕೆಲಸಕ್ಕೆ ಎಂದು ಮೊದಲು ಹೇಳಬೇಕು. ನಾಳೆಯೇ ಮಾರಿದರೆ ಕೈಗೆ ಬರುವ ದುಡ್ಡು ಒಂದು. ಇದು ಹಾಳಾದರೆ ಇಂಥದ್ದೇ ಇನ್ನೊಂದು ಮಾಡಿಸಲು ಬೇಕಾಗುವ ದುಡ್ಡು ಇನ್ನೊಂದು. ಪಾಲಿಗೆ ಮೊದಲನೆಯದ್ದು ಸರಿ. ನನ್ನ ಅಂದಾಜು ಕೇಳಿದರೆ, ಈ ಬಿರುಕು ಇರುವ ಸ್ಥಿತಿಯಲ್ಲಿ ನಮ್ಮ ಊರಿನ ಮಾರುಕಟ್ಟೆಯಲ್ಲಿ ಮೂರರಿಂದ ಎಂಟು ಸಾವಿರದ ನಡುವೆ. ಅದೂ ಇಷ್ಟಪಡುವ ಗಿರಾಕಿ ಸಿಕ್ಕರೆ. ಇದೇ ಅಳತೆಯಲ್ಲಿ ಒಬ್ಬ ಒಳ್ಳೇ ಕಲಾವಿದರ ಹತ್ತಿರ ಹೊಸದಾಗಿ ಬರೆಸಿದರೆ ಅದಕ್ಕಿಂತ ತುಂಬ ಜಾಸ್ತಿ ಆಗುತ್ತದೆ.

ನಂಬಿಕೆ ಬರಬೇಕಾದರೆ ಎರಡು ಹರಾಜು ಮನೆಗಳಿಗೆ ಫೋಟೋ ಕಳಿಸಿ. ಫೋಟೋ ನೋಡಿ ಅಂದಾಜು ಹೇಳಲು ಹಲವರು ದುಡ್ಡು ಕೇಳುವುದಿಲ್ಲ. ಇದು ನಮ್ಮಲ್ಲಿ ಮಾರುವಂಥದ್ದಲ್ಲ ಎಂದು ಉತ್ತರ ಬಂದರೆ ಅದೂ ಒಂದು ಬೆಲೆಯೇ.

ಬಣ್ಣದಡಬ್ಬಿ
ಹೋಲಿಸಿ ನೋಡಲು ಇನ್ನೊಂದು ಜಾಗ ಚಿತ್ರಸಂತೆ. ಚಿತ್ರಕಲಾ ಪರಿಷತ್ತಿನವರು 2003ರಿಂದ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಜನವರಿಯ ಹೊತ್ತಿಗೆ ನಡೆಸುತ್ತಾರೆ. ಕಲಾವಿದರೇ ನಿಂತು ಮಾರುತ್ತಾರೆ. ಕಡಲು, ದೋಣಿ, ಜಲಪಾತ ಎಲ್ಲ ಸಿಗುತ್ತದೆ. ನಡುವೆ ಅಂಗಡಿ ಇಲ್ಲದಿದ್ದರೆ ಕೈಯಲ್ಲಿ ಬರೆದ ಚಿತ್ರಕ್ಕೆ ನಿಜವಾಗಿ ಏನು ಬೆಲೆ ಎಂದು ಒಂದು ಸುತ್ತು ಹೊಡೆದರೆ ಗೊತ್ತಾಗುತ್ತದೆ.

ಲೆಕ್ಕದಪುಸ್ತಕ
ನಾನು ಟ್ಯಾಕ್ಸ್ ಕೆಲಸ ಮಾಡುವವನು, ಎರಡು ಮಾತು. ಮನೆಯ ಮೇಜು, ಕುರ್ಚಿ ಮಾರಿದರೆ ಬಂಡವಾಳ ಲಾಭದ ತೆರಿಗೆ ಬರುವುದಿಲ್ಲ. ಚಿತ್ರ, ಶಿಲ್ಪ, ಕಲಾಕೃತಿಗೆ ಆ ವಿನಾಯಿತಿ ಇಲ್ಲ. ನಿಮ್ಮ ಮೊತ್ತಕ್ಕೆ ದೊಡ್ಡ ಚಿಂತೆಯಲ್ಲ. ಆದರೆ ಬೇರೆಯವರು ಓದುತ್ತಿದ್ದರೆ ತಿಳಿದಿರಲಿ. ಮನೆ ವಿಮೆಯಲ್ಲಿ ಚಿತ್ರ ತಾನಾಗಿ ಸೇರಿರುತ್ತದೆ ಎಂದು ಅಂದುಕೊಳ್ಳಬೇಡಿ, ಪಾಲಿಸಿ ಓದಿ ನೋಡಿ.

ಇನ್ನು ಪಾಲಿನ ವಿಷಯ. ಮೂವರಿಗೂ ಬೇಕು ಎಂದಾದ ಮೇಲೆ ಮಾರುಕಟ್ಟೆ ಬೆಲೆ ಒಂದು ಆಧಾರ ಅಷ್ಟೇ. ಒಂದು ಕೆಲಸ ಮಾಡಿ. ಎಲ್ಲರೂ ಈ ಚರ್ಚೆ ಪೂರ್ತಿ ಓದಿ. ಆಮೇಲೆ ಮೂವರೂ ಬೇರೆ ಬೇರೆ ಚೀಟಿಯಲ್ಲಿ, ಈ ಚಿತ್ರ ನನಗೆ ಎಷ್ಟು ಬೆಲೆ ಬಾಳುತ್ತದೆ ಎಂದು ಬರೆಯಿರಿ. ಒಟ್ಟಿಗೆ ಬಿಚ್ಚಿ. ಜಾಸ್ತಿ ಬರೆದವರು ಚಿತ್ರ ಇಟ್ಟುಕೊಂಡು, ತಾವು ಬರೆದ ಮೊತ್ತದ ಮೂರನೇ ಒಂದು ಪಾಲನ್ನು ಉಳಿದ ಇಬ್ಬರಿಗೂ ಕೊಡಲಿ. ಕಡಿಮೆ ಬರೆದವರಿಗೆ ತಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಪಾಲು ಸಿಗುತ್ತದೆ. ಯಾರಿಗೂ ಹೊಟ್ಟೆಯೊಳಗೆ ಉಳಿಯುವುದಿಲ್ಲ.

ಗಂಗೊಳ್ಳಿದೋಣಿ
ಇದು ಚೆನ್ನಾಗಿದೆ. ನಮ್ಮಲ್ಲಿ ಹಳೇ ಎಂಜಿನ್ನಿನ ಪಾಲಿಗೂ ಇದನ್ನೇ ಮಾಡಬಹುದಿತ್ತು.

ಕೋಡಿಕಡಲು
ಇದನ್ನೇ ಮಾಡುತ್ತೇವೆ. ಅದಕ್ಕೆ ಮೊದಲು ಇನ್ನೊಂದು. ಕೆಳಗಿನ ಅಂಚಿನಲ್ಲಿ ಬೂದಿ ಬಣ್ಣದ ಬೂಷ್ಟು ಇದೆ. ಆಕಾಶ ಪೂರ್ತಿ ಕಂದು ಬಣ್ಣಕ್ಕೆ ತಿರುಗಿದೆ. ತೆಂಗಿನೆಣ್ಣೆ ಹಚ್ಚಿ ಒರೆಸಿದರೆ ಹೊಳೆಯುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಮಾಡಬಹುದಾ?

ಹಳೆಬಣ್ಣ
ಬೇಡ, ದಯವಿಟ್ಟು ಬೇಡ. ನಾನು ಹಳೇ ಚಿತ್ರಗಳನ್ನು ಸರಿಮಾಡುವ ಕೆಲಸ ಕಲಿತವಳು. ತೆಂಗಿನೆಣ್ಣೆ ಒಣಗುವುದಿಲ್ಲ. ಮೇಲೆ ಜಿಡ್ಡಾಗಿ ಕೂತು ಧೂಳು ಹಿಡಿಯುತ್ತದೆ, ಬಿರುಕಿನೊಳಗೆ ಇಳಿಯುತ್ತದೆ. ಸೀಮೆಎಣ್ಣೆ, ಕೊಯ್ದ ಆಲೂಗಡ್ಡೆ, ಒದ್ದೆ ಬಟ್ಟೆ ಯಾವುದೂ ಬೇಡ. ಬಿರುಕು ಬಿಟ್ಟ ಬಣ್ಣದ ಕೆಳಗೆ ನೀರು ಹೋದರೆ ಬಟ್ಟೆ ಕುಗ್ಗುತ್ತದೆ, ಬಣ್ಣ ಹಪ್ಪಳಿಕೆಯಾಗಿ ಏಳುತ್ತದೆ.

ಕಂದು ಬಣ್ಣ ಎರಡು ಕಾರಣಕ್ಕೆ ಬಂದಿರಬಹುದು. ಒಂದು, ಮೇಲಿನ ವಾರ್ನಿಶ್ ಹಳದಿಯಾದದ್ದು. ಇನ್ನೊಂದು, ಅಗರಬತ್ತಿ, ದೀಪದ ಹೊಗೆ. ಚಾವಡಿಯಲ್ಲಿ ದೇವರ ಮೂಲೆ ಹತ್ತಿರ ಇತ್ತಾ? ಅಂಗಡಿಯವರು ನೋಟು ಪರೀಕ್ಷೆ ಮಾಡುವ ನೀಲಿ ದೀಪ ಇದ್ದರೆ ಕತ್ತಲೆಯಲ್ಲಿ ಹಿಡಿದು ನೋಡಿ. ಮರದ ಅಂಟಿನಿಂದ ಮಾಡಿದ ಹಳೇ ಬಗೆಯ ವಾರ್ನಿಶ್ ಇದ್ದರೆ ಮಂಜಿನ ಹಾಗೆ ಹಸಿರು ಮಿಶ್ರ ಬೆಳಕು ಕಾಣುತ್ತದೆ. ಆಮೇಲೆ ಯಾರಾದರೂ ಬಣ್ಣ ಹಚ್ಚಿ ಸರಿಮಾಡಿದ್ದರೆ ಆ ಜಾಗ ಹೆಚ್ಚಾಗಿ ಕಪ್ಪಾಗಿ ಕಾಣುತ್ತದೆ.

ಬೂಷ್ಟಿಗೆ ಮೊದಲ ಮದ್ದು ಗಾಳಿ. ಚಿತ್ರವನ್ನು ಒಣಗಿದ ಕೋಣೆಯಲ್ಲಿ, ಫ್ಯಾನಿನ ಗಾಳಿ ನೇರವಾಗಿ ಬೀಳದ ಹಾಗೆ ನಿಲ್ಲಿಸಿ. ಬಿಸಿಲಿಗೆ ಇಡಬೇಡಿ. ಬೂಷ್ಟು ಪೂರ್ತಿ ಒಣಗಿ ಪುಡಿಯಾದ ಮೇಲೆ ಮಾಸ್ಕ್ ಹಾಕಿಕೊಂಡು ಮೆತ್ತನೆ ಅಗಲ ಬ್ರಶ್ಶಿನಲ್ಲಿ ಹಗುರವಾಗಿ ತೆಗೆಯಿರಿ, ಮನೆಯ ಹೊರಗೆ. ಬಣ್ಣ ಎಲ್ಲಾದರೂ ಎದ್ದಿದ್ದರೆ ಆ ಜಾಗ ಮುಟ್ಟಬೇಡಿ.

ಪೂರ್ತಿ ಸ್ವಚ್ಛ ಮಾಡಿಸಬೇಕಾದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್ ಎಂಬ ಕಲೆ, ಪರಂಪರೆ ಉಳಿಸುವ ಸಂಸ್ಥೆಯವರ ಸಂರಕ್ಷಣಾ ಕೇಂದ್ರ ಇದೆ. ಅಲ್ಲಿ ಕೇಳಿ. ಖರ್ಚು ಚಿತ್ರದ ಮಾರುಕಟ್ಟೆ ಬೆಲೆಗಿಂತ ಜಾಸ್ತಿ ಬರುವ ಸಾಧ್ಯತೆ ಇದೆ, ಅದನ್ನು ಮೊದಲೇ ಹೇಳುತ್ತೇನೆ. ಆದರೂ ಮಾಡಿಸುವವರಿದ್ದಾರೆ. ಮನೆಯ ಚಿತ್ರಕ್ಕೆ ಮಾಡಿಸುವುದು ತಪ್ಪು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ.

ದೋಹಾದಿಂದ
ಇಲ್ಲಿಂದ ಓದುತ್ತಿದ್ದೇನೆ. ಕೊಲ್ಲಿಯ ಪೇಟೆಗಳಲ್ಲಿ ಈಗಲೂ ಕಟ್ಟು ಹಾಕುವ ಅಂಗಡಿಗಳ ಹೊರಗೆ ಇಂಥ ಕಡಲು, ಕುದುರೆ, ಹೂದಾನಿ ಚಿತ್ರ ಒರಗಿಸಿ ಇಟ್ಟಿರುತ್ತಾರೆ. ಆಗಿನ ಕಾಲದಲ್ಲಿ ಊರಿಗೆ ಹೋಗುವಾಗ ಟೇಪ್ ರೆಕಾರ್ಡರ್, ಕಂಬಳಿ, ಸೆಂಟು ಒಯ್ಯುವುದು ಎಲ್ಲರೂ ಮಾಡುತ್ತಿದ್ದರು. ಚಿತ್ರ ಒಯ್ದವರು ಕಡಿಮೆ. ನಿಮ್ಮ ಅಪ್ಪ ಸಂಬಳದಲ್ಲಿ ಇದಕ್ಕೆಂದು ತೆಗೆದಿಟ್ಟರಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ. ಅಪ್ಪನ ಹಳೇ ಪತ್ರ, ರಸೀದಿ ಏನಾದರೂ ಇದ್ದರೆ ಚಿತ್ರದ ಜೊತೆಗೇ ಇಡಿ. ಯಾರು, ಯಾವಾಗ, ಎಲ್ಲಿ ಕೊಂಡರು ಎಂದು ಒಂದು ಹಾಳೆಯಲ್ಲಿ ಬರೆದು ಕವರಿನಲ್ಲಿ ಹಾಕಿ ಹಿಂಬದಿಯ ಮರಕ್ಕೆ ಕಟ್ಟಿ. ಬಟ್ಟೆಗೆ ಅಂಟಿಸಬೇಡಿ.

ಹರಾಜುಕಟ್ಟೆ
ಇದನ್ನು ನಾನೇ ಮೊದಲು ಹೇಳಬೇಕಿತ್ತು. ಚಿತ್ರ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ದಾಖಲೆ ಸಣ್ಣ ಚಿತ್ರಕ್ಕೂ ಬೇಕು. @ಬಿಜೈಮನೆ ಅವರ ಚಿತ್ರದ ಫೋಟೋವನ್ನೂ ಅದೇ ಕವರಿನಲ್ಲಿ ಹಾಕಿ.

ಕೋಡಿಕಡಲು
ನಿನ್ನೆ ಚೀಟಿ ಬಿಚ್ಚಿದೆವು. ಅಣ್ಣ ಹದಿನೈದು ಸಾವಿರ ಬರೆದಿದ್ದ. ನಾನು ಇಪ್ಪತ್ತು. ತಂಗಿ ಮೂವತ್ತು ಸಾವಿರ ಬರೆದಿದ್ದಳು. ಮೂರರಿಂದ ಎಂಟು ಸಾವಿರ ಎಂದು ಓದಿದ ಮೇಲೂ ಅಷ್ಟು ಬರೆದಳು. ನಮಗಿಬ್ಬರಿಗೂ ಹತ್ತು ಹತ್ತು ಸಾವಿರ ಕೊಟ್ಟಳು. ಬೇಡ ಎಂದೆ, ಕೇಳಲಿಲ್ಲ. ಲೆಕ್ಕ ಲೆಕ್ಕವೇ ಎಂದಳು. ವ್ಯಾಪಾರಿಗೆ ಫೋನ್ ಮಾಡಿ ಸರ್ಟಿಫಿಕೇಟ್ ಬೇಡ ಎಂದೂ ಹೇಳಿಯಾಯಿತು.

ಅಪ್ಪನ ಒಂದು ಪತ್ರವೂ ಸಿಕ್ಕಿತು. ಅಮ್ಮನಿಗೆ ಬರೆದದ್ದು. ಮನೆಗೆ ಒಂದು ಕಡಲು ತರುತ್ತೇನೆ, ಗೋಡೆಯಲ್ಲಿ ಜಾಗ ಮಾಡಿಡು ಎಂದು ಒಂದು ಸಾಲು ಇದೆ. ದಿನಾಂಕ ಇದೆ. ಅದರ ಫೋಟೋ ಪ್ರತಿ ಕವರಿಗೆ ಹೋಗುತ್ತದೆ.

ತಂಗಿ ಮೈಸೂರಿನಲ್ಲಿರುವುದು. ಕಾರಿನಲ್ಲಿ ಒಯ್ಯಬೇಕು. @ಕಟ್ಟಿನಂಗಡಿ ಅಣ್ಣ, ಹೇಗೆ ಕಟ್ಟುವುದು?

ಕಟ್ಟಿನಂಗಡಿ
ಮತ್ತೆ ಸುತ್ತಬೇಡಿ, ಇದು ಮೊದಲ ಮಾತು. ಚೌಕಟ್ಟಿನ ಸಮೇತ ಹೋಗಲಿ. ಬಬಲ್ ಪ್ಲಾಸ್ಟಿಕ್ ನೇರವಾಗಿ ಬಣ್ಣಕ್ಕೆ ತಾಗಬಾರದು. ಕಾರಿನ ಬಿಸಿಗೆ ಗುಳ್ಳೆಯ ಅಚ್ಚು ಬಣ್ಣದ ಮೇಲೆ ಕೂರುತ್ತದೆ. ನಾಲ್ಕು ಮೂಲೆಗೆ ದಪ್ಪ ರಟ್ಟಿನ ಟೊಪ್ಪಿ ಮಾಡಿ ಹಾಕಿ. ಅದರ ಮೇಲೆ ಚಿತ್ರದಷ್ಟೇ ದೊಡ್ಡ ರಟ್ಟು ಇಟ್ಟರೆ ರಟ್ಟಿಗೂ ಬಣ್ಣಕ್ಕೂ ನಡುವೆ ಸಂದು ಉಳಿಯುತ್ತದೆ. ಹಿಂಬದಿಗೂ ಒಂದು ರಟ್ಟು. ಆಮೇಲೆ ಬೇಕಾದರೆ ಬಬಲ್ ಸುತ್ತಿ. ಕಾರಿನಲ್ಲಿ ನಿಲ್ಲಿಸಿ ಒಯ್ಯಿರಿ, ಮೇಲೆ ಬ್ಯಾಗು ಇಡಬೇಡಿ. ಘಾಟಿ ಹತ್ತುವಾಗ ಜಾರದ ಹಾಗೆ ಸೀಟಿಗೆ ಒರಗಿಸಿ ಬೆಲ್ಟ್ ಹಾಕಿ.

ಮೈಸೂರಿಗೆ ಹೋದ ಕೂಡಲೇ ಪ್ಲಾಸ್ಟಿಕ್ ಬಿಚ್ಚಿ. ಕರಾವಳಿಯ ತೇವ ಒಳಗೇ ಉಳಿದರೆ ಬೂಷ್ಟು ಮತ್ತೆ ಬರುತ್ತದೆ. ಗೋಡೆಗೆ ಹಾಕುವಾಗ ಹಿಂದಿನ ಕೆಳಗಿನ ಎರಡು ಮೂಲೆಗೆ ಬಾಟ್ಲಿ ಬಿರಡೆ ಕೊಯ್ದು ಅಂಟಿಸಿ, ಗೋಡೆಗೂ ಬಟ್ಟೆಗೂ ನಡುವೆ ಗಾಳಿಯಾಡಲಿ. ಮಳೆ ಹೊಡೆಯುವ ಹೊರಗೋಡೆ ಬೇಡ, ಎದುರಿಗೆ ಬಿಸಿಲು ಬೀಳುವ ಕಿಟಕಿಯೂ ಬೇಡ. ಮೊಳೆ ಎರಡು ಹೊಡೆಯಿರಿ, ಹಲಸಿನ ಚೌಕಟ್ಟು ಭಾರ ಇರುತ್ತದೆ.